ಬೀಗರ ಮುಂದಿನ ಹುಚ್ಚು

ಚಟ್ಟದ ಮೇಲೆ ಮಲಗಿಸಿದ್ದ ನಾಗಯ್ಯ ಮೇಷ್ಟ್ರ ಬಾಯಿಗೆ ಅಕ್ಕಿಕಾಳು ಹಾಕಿದ ಮಂಗಳಮ್ಮ, ಮೇಷ್ಟ್ರ ಮಗಳೂ ತನ್ನ ಸೊಸೆಯೂ ಆದ ಪ್ರಿಯಾಂಕಳನ್ನು ತಬ್ಬಿಕೊಂಡು ಜೋರಾಗಿಯೇ ಅತ್ತಳು.

"ತಲೆ ಕೆಟ್ಟ ಅಪ್ಪನ್ನ ಎಷ್ಟು ಚೆಂದಾಗಿ ನೋಡ್ಕಂಡೆ ಕಣಮ್ಮ! ಇನ್ಯಾರ್ಗೂ ಆಗಾಕಿಲ್ಲ."

ಬೆಸಗರಹಳ್ಳಿಯ ಹೆಂಗಸರ ಅಳು ಗಕ್ಕನೆ ನಿಂತಿತು. ಪಕ್ಕದ ಮನೆಯ ಚಿಕ್ಕಬೋರಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು ಕೇಳಿದಳು: "ಯಾರ್ಗೆ ತಲೆ ಕೆಟ್ಟಿತ್ತು? ನಮ್ ನಾಗಯ್ಯಂಗಾ?"

"ಮದ್ವೆಗೆ ಮುಂಚೇನೇ ಇವ್ಳೇ ಯೋಳಿದ್ಲಲ್ವಾ," ಅಂದಳು ಮಂಗಳಮ್ಮ.

ಪ್ರಿಯಾಂಕಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

*

ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರಾದ ಮೇಲೆ ಅಪ್ಪನಿಗೆ ಅದೊಂದೇ ಗೀಳು. ಒರಳು, ಬೀಸುಕಲ್ಲು, ಹಳೇ ಬಾಗಿಲು, ಯಾವುದರ ಮೇಲಾದರೂ ತೆಳು ಕಾಗದ ಹರಡಿ, ಅಡಿಯ ಉಬ್ಬುತಗ್ಗು ಕಾಗದದಲ್ಲಿ ಮೂಡುವ ಹಾಗೆ ಕಪ್ಪು ಮೇಣದ ಬಳಪದಿಂದ ಉಜ್ಜುವುದು. ಕಾಗದವನ್ನು ಒಂಚೂರು ಸರಿಸಿ ಅದರ ಮೇಲೇ ಮತ್ತೆ ಉಜ್ಜುವುದು. ಒರಳು ಒರಳಾಗಿ ಉಳಿಯದೆ ಬರೀ ತರಿ, ಗೆರೆ, ಕಪ್ಪು ಬಿಳುಪು ಆಗುವತನಕ ಬಿಡುತ್ತಿರಲಿಲ್ಲ.

ಮಳವಳ್ಳಿಯವರು ಹೆಣ್ಣು ನೋಡಲು ಬಂದ ದಿನವೂ ಇಸ್ತ್ರಿ ಷರಟಿನಲ್ಲೇ ಚರಂಡಿ ಚಪ್ಪಡಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಉಜ್ಜುತ್ತಿದ್ದರು. ಕಾರಿನಿಂದ ಇಳಿದ ಮಂಗಳಮ್ಮ, "ಇದ್ಯಾರು?" ಅಂದಳು.

"ನಮ್ಮಪ್ಪ. ತಲೆ ಅಷ್ಟು ಸರಿಯಿಲ್ಲ," ಅಂದುಬಿಟ್ಟಳು ಬಾಗಿಲಿಗೆ ಬಂದಿದ್ದ ಪ್ರಿಯಾಂಕ. ಅಪ್ಪನಿಗೆ ಕೇಳಿಸಲಿಲ್ಲವೆಂದೇ ಇವತ್ತಿನವರೆಗೂ ನಂಬಿದ್ದಳು.

*

ಚಿಕ್ಕಬೋರಮ್ಮ ಪ್ರಿಯಾಂಕಳ ಹತ್ತಿರ ಬಂದು ದನಿ ತಗ್ಗಿಸಿದಳು. "ಬೀಗ್ರು ಬಂದಾಗ ಮಾತ್ರ ಪೆದ್ದುಪೆದ್ದಾಗಿ ನಗೋನು. ಯಾಕ್ಲಾ ಇಂಗಾಡ್ತೀಯ ಅಂತ ಬೈದೆ. 'ಮಗ್ಳು ಏನೋ ಯೋಳ್ಬುಟ್ಟವ್ಳೆ ಕಣಕ್ಕ, ಅವ್ಳ ಮಾತು ಸುಳ್ಳಾಗ್ಬಾರ್ದು' ಅಂದ. ಆಗ ನಂಗೆ ಅರ್ತವಾಗ್ನಿಲ್ಲ. ಈಗಾಯ್ತು ಬುಡು."

ಕೆನ್ನೆಗೆ ಬಾರಿಸಿದ್ದರೂ ಚೆನ್ನಾಗಿತ್ತು. ಹಬ್ಬಕ್ಕೆ ಬೀಗರು ಬಂದಾಗಲೆಲ್ಲ ಅಪ್ಪ ಸುಮ್ಮನೆ ನಗುತ್ತ ಕೂರುವುದನ್ನು ಕಂಡು, ಸದ್ಯ, ಬಾಯಿ ಬಿಡಲಿಲ್ಲವಲ್ಲ ಎಂದು ಸಮಾಧಾನಪಟ್ಟವಳು ಅವಳೇ. ಥೂ, ತನ್ನ ಜನ್ಮಕ್ಕಿಷ್ಟು!

"ಅತ್ತೆ, ನಮ್ಮಪ್ಪಂಗೆ ಏನೂ ಆಗಿರ್ಲಿಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ. "ನಾಚ್ಕೆಯಾಗಿ ನಾನೇ ಸುಳ್ಳು ಹೇಳಿದ್ದೆ."

"ಆಯ್ತು ಬುಡಮ್ಮ. ಸಂಕ್ಟದಲ್ಲಿ ಅಂಗೇ ಅನ್ಸೋದು," ಎಂದು ಮಂಗಳಮ್ಮ ಅವಳ ಬೆನ್ನು ಸವರಿದಳು.

ಪ್ರಿಯಾಂಕ ಒಳಗೆ ಹೋಗಿ ಅಪ್ಪನ ಕಾಗದ, ಬಳಪ ತಂದಳು. ಚಟ್ಟದ ಬುಡದಲ್ಲಿ ಮಂಡಿಯೂರಿ, ಅವರ ಒಡೆದ ಹಿಮ್ಮಡಿಗೆ ಕಾಗದ ಒತ್ತಿಹಿಡಿದು ಉಜ್ಜತೊಡಗಿದಳು. ಬಿರುಕುಗಳು ಒಂದೊಂದಾಗಿ ಎದ್ದು ಬಂದವು. ಒಂಚೂರು ಸರಿಸಿ ಮತ್ತೆ ಉಜ್ಜಿದಳು. ಬಿರುಕಿನ ಮೇಲೆ ಬಿರುಕು ಕೂತು, ಯಾರ ಕಾಲೆಂದು ಗೊತ್ತಾಗದ ಹಾಗಾಯಿತು. ತಮಟೆಯವರು ಕೈ ನಿಲ್ಲಿಸಿದರು. ಹೆಗಲು ಕೊಡಲು ಬಂದವರು ಮುಖ ಮುಖ ನೋಡಿಕೊಂಡರು.

ಮಂಗಳಮ್ಮ ಮಗನ ತೋಳು ಹಿಡಿದೆಳೆದಳು. "ರವಿ, ಇವ್ಳಿಗೂ ಸುರುವಾಯ್ತೇನ್ಲಾ?"

ಪ್ರಿಯಾಂಕಳಿಗೆ ಕೇಳಿಸಿತು. ಅವಳು ಇನ್ನೊಂದು ಹಿಮ್ಮಡಿಗೆ ಕಾಗದ ಹಿಡಿದಳು.