ಹುಲಿಯನ ಗಂಜಿ

ಹೊಂಬಳದ ಉಡಚವ್ವನ ನಾಯಿ ಕರಿಯ ಅವಳ ಹೊಲದ ಬದುವಿನ ಮೇಲೆ ಸತ್ತು ಬಿದ್ದಿತ್ತು. ಬಾಯಲ್ಲಿ ನೊರೆ, ಪಕ್ಕದಲ್ಲಿ ಅರ್ಧ ತಿಂದ ರೊಟ್ಟಿ, ರೊಟ್ಟಿಯ ಮಡಿಕೆಯಲ್ಲಿ ಇಲಿಪಾಷಾಣ. ಅದಾದ ಎರಡೇ ದಿನಕ್ಕೆ ಬದುವಿನ ಗುಂಟ ನಾಲ್ಕು ಸಾಲು ಶೇಂಗಾ ಬುಡಸಹಿತ ಮಾಯವಾಗಿತ್ತು. ಬದುವಿನ ಆಚೆಯ ಹೊಲ ಅಂದಪ್ಪನದು. ಅವನ ಕಣ್ಣು ಆ ಸಾಲುಗಳ ಮೇಲಿದ್ದದ್ದು ಊರಿಗೇ ಗೊತ್ತು. ಆದರೆ ಪಂಚರಲ್ಲಿ ಹಿರಿಯರಾದ ನಿಜಲಿಂಗಪ್ಪನವರು, "ನೋಡಿದವರು ಯಾರದಾರವ್ವಾ?" ಎಂದು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ.

"ಬ್ಯಾಡ್ರಿ ಸಾಕ್ಷಿ. ಅಂವನ ಮೀನಖಂಡ ಹರಿಯೋವಂಥಾ ನಾಯಿ ಸಾಕ್ತೀನಿ" ಎಂದು ಉಡಚವ್ವ ಚಾವಡಿಯಿಂದ ಎದ್ದು ಬಂದಳು.

ಊರ ಹೊರಗೆ ಕುರಿ ಹಟ್ಟಿ ಹಾಕಿದ್ದ ಮುದುಕ ದ್ಯಾಮಪ್ಪನ ನಾಯಿ ಆಗ ಮರಿ ಹಾಕಿತ್ತು. ಮರಿಗಳಿಗೆ ಇನ್ನೂ ತಿಂಗಳು ತುಂಬಿರಲಿಲ್ಲ.

"ಇನ್ನ ಹದಿನೈದು ದಿನ ತಾಯಿ ಮೊಲಿ ಉಣ್ಣಲಿ ತಂಗಿ, ಆಮ್ಯಾಲೆ ಒಯ್ಯುವಂತಿ" ಎಂದ ದ್ಯಾಮಪ್ಪ.

"ಅಷ್ಟ ದಿನ ನನ್ನ ಹೊಟ್ಟ್ಯಾನ ಬೆಂಕಿ ತಡಿಯೂದಿಲ್ಲ ಕಾಕಾ" ಎಂದು ಅವಳು ದಪ್ಪ ತಲೆಯ ಒಂದು ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದಳು. ಹುಲಿಯ ಎಂದು ಹೆಸರಿಟ್ಟಳು.

ಹುಲಿಯ ಜಲ್ದಿ ಬೆಳೆಯಬೇಕಿತ್ತು. ಮುಂಜಾನೆ ಎಮ್ಮೆಯ ಗಟ್ಟಿ ಹಾಲು, ಮಧ್ಯಾಹ್ನ ಬೆಲ್ಲ ಕಲಸಿದ ರೊಟ್ಟಿ, ಸಂಜೆಗೆ ಗದಗಿನ ಪೇಟೆಯಿಂದ ತರಿಸಿದ ಕುರಿಯ ಕರುಳು. ಮರಿ ಮುಖ ತಿರುವಿದರೆ ಬಾಯಿ ಬಿಡಿಸಿ ತುರುಕುತ್ತಿದ್ದಳು. "ತಿನ್ನು, ಇನ್ನೊಂದು ತುತ್ತು. ಅಂದಪ್ಪನ ಕಾಲು ದಪ್ಪ ಅದಾವ, ಹಲ್ಲು ಗಟ್ಟಿ ಬೇಕು." ನಾಲ್ಕು ದಿನ ಮರಿ ತಿಂದಿತು. ಐದನೆಯ ದಿನ ಅದರ ಹೊಟ್ಟೆ ಹಲಗೆಯ ಹಾಗೆ ಬಿಗಿಯಿತು. ಆಮೇಲೆ ಶುರುವಾದ ಭೇದಿ ನಿಲ್ಲಲೇ ಇಲ್ಲ. ಬರೀ ನೀರು, ನಡುನಡುವೆ ರಕ್ತದ ಎಳೆ. ಕುಡಿಸಿದ ಹಾಲೆಲ್ಲ ಮೊಸರಿನ ಹಾಗೆ ಒಡೆದು ಬಾಯಿಂದ ಬಂತು.

ಉಡಚವ್ವ ಹಟ್ಟಿಗೆ ಓಡಿದಳು. ದ್ಯಾಮಪ್ಪ ಮರಿಯ ಕುತ್ತಿಗೆಯ ತೊಗಲು ಎತ್ತಿ ಬಿಟ್ಟ. ಎತ್ತಿದ ತೊಗಲು ಹಾಗೇ ನಿಂತಿತು.

"ಮೈಯಾನ ನೀರೆಲ್ಲಾ ಹೋಗೇತಿ. ಏನೇನ ಹಾಕೀದಿ ಇದಕ್ಕ?"

ಅವಳು ಹೇಳಿದಳು. ಕೇಳುತ್ತ ಕೇಳುತ್ತ ಮುದುಕನ ಮುಖ ಕೆಂಪೇರಿತು.

"ಇದೇನ ಎಮ್ಮಿ ಕರಾ ಅಂತ ತಿಳದಿಯೇನು? ಹಾಲು ಬಿಡದ ಕೂಸಿಗೆ ಕರುಳ ತಿನ್ನಸ್ತಾರ? ನಿನ್ನ ಸಿಟ್ಟು ನೀ ಉಣ್ಣಬೇಕು ಉಡಚವ್ವ, ಇದಕ್ಯಾಕ ಉಣಸ್ತಿ?"

ಅವಳು ತಲೆ ತಗ್ಗಿಸಿದಳು. ದ್ಯಾಮಪ್ಪ ಬಿಡಿಸಿ ಹೇಳಿದ. ಇವತ್ತು ಊಟ ಬಂದ್. ಕಾಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಚೂರು ಬೆಲ್ಲ ಹಾಕಿ ಬೆರಳ ತುದಿಯಿಂದ ಹನಿ ಹನಿ ನೆಕ್ಕಿಸಬೇಕು. ನಾಳೆ ಅಕ್ಕಿ ಕುದಿಸಿ ಸೋಸಿದ ತೆಳ್ಳನೆಯ ಗಂಜಿ, ಹುಳಿಯಾಗದ ಮಜ್ಜಿಗೆ, ಎರಡೆರಡೇ ಚಮಚ, ದಿನಕ್ಕೆ ಐದು ಸಲ. ಹೇಲು ಗಟ್ಟಿಯಾದ ಮೇಲೆ ಜೋಳದ ನುಚ್ಚು. ಎಮ್ಮೆ ಹಾಲು ಮಾತ್ರ ಮುಟ್ಟಿಸಬಾರದು.

ಅವತ್ತೆಲ್ಲ ಅವಳು ಬೆರಳು ಅದ್ದುತ್ತ ಕೂತಳು. ಮಾರನೆಯ ದಿನ ನವೆಂಬರ್ ಒಂದು, ಐವತ್ತಾರನೆಯ ಇಸವಿ. ಮುಂಬೈ ಸರಕಾರ ಹೋಗಿ ಕನ್ನಡದವರೆಲ್ಲ ಒಂದೇ ರಾಜ್ಯದವರಾದರೆಂದು ಶಾಲೆಯ ಮುಂದೆ ಊರೇ ನೆರೆದಿತ್ತು. ಗಂಜಿಗೆ ಅಕ್ಕಿ ತರಲು ಹೊರಟ ಉಡಚವ್ವ ಅಲ್ಲಿ ನಿಂತಳು. ಹೊಸ ರುಮಾಲು ಸುತ್ತಿಕೊಂಡ ಅಂದಪ್ಪ ಪರಾತ ಹಿಡಿದು ಪೇಢೆ ಹಂಚುತ್ತಿದ್ದ. ರೊಟ್ಟಿಯಲ್ಲಿ ಪಾಷಾಣ ಇಟ್ಟ ಕೈ ಈಗ ಊರ ಬಾಯಿಗೆ ಸಿಹಿ ಇಡುತ್ತಿದೆ ಎನ್ನಿಸಿ ಅವಳಿಗೆ ಮೈಯೆಲ್ಲ ಉರಿಯಿತು. ಮರಿ ಯಾಕೆ ಮಲಗಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮನೆಗೆ ಹೋಗಿ ಮರಿಯನ್ನು ಎತ್ತಿಕೊಂಡು ಬಂದಳು, ಎಲ್ಲರ ನಡುವೆ ಅವನ ಮುಂದೆ ಹಿಡಿದಳು.

"ಲೇ ಅಂದಪ್ಪ! ಕರಿಯನ್ನ ಕೊಂದಿ, ಈ ಹಸುಗೂಸಿಗೂ ವಿಷಾ ಹಾಕಿದೇನು?"

ಅಂದಪ್ಪನ ಕೈಯ ಪರಾತ ವಾಲಿತು. "ಯವ್ವಾ, ನಮ್ಮಪ್ಪನ ಆಣಿ, ಈ ಸಲ ನಾ ಹಾಕಿಲ್ಲ!"

ಪೇಢೆ ಜಗಿಯುತ್ತಿದ್ದವರೆಲ್ಲ ಬಾಯಿ ನಿಲ್ಲಿಸಿದರು. ನಿಜಲಿಂಗಪ್ಪನವರು ಕುರ್ಚಿಯಿಂದ ನಿಧಾನವಾಗಿ ಎದ್ದರು.

"ಈ ಸಲ ಹಾಕಿಲ್ಲ. ಖರೆ. ಹಂಗಾರ ಹ್ವಾದ ಸಲ ಹಾಕಿದವರು ಯಾರೋ ಅಂದಪ್ಪ?"

ಅಂದಪ್ಪ ಬಗ್ಗಿ, ಮಣ್ಣಿಗೆ ಬಿದ್ದ ಪೇಢೆಗಳನ್ನು ಒಂದೊಂದಾಗಿ ಆರಿಸತೊಡಗಿದ.

ಅದೇ ಮಧ್ಯಾಹ್ನ ಪಂಚರು ಕೂತರು. ನಾಲ್ಕು ಸಾಲಿನ ಶೇಂಗಾ ಅಂದಪ್ಪ ತನ್ನ ರಾಶಿಯಿಂದ ಕೊಡಬೇಕೆಂದು ತೀರ್ಮಾನವಾಯಿತು.

"ಇನ್ನೇನರ ಕೇಳೂದೈತೇನವಾ?" ಎಂದರು ನಿಜಲಿಂಗಪ್ಪನವರು.

"ಐತ್ರಿ. ಈ ಮರಿ ಗಟ್ಟಿ ಆಗೂತನಕ ಇದರ ಗಂಜಿ ಅಂವನ ಮನ್ಯಾಗಿಂದ ಬರಬೇಕು. ಆಳಿನ ಕೈಲೆ ಕಳಸಂಗಿಲ್ಲ, ತಾನ ತರಬೇಕು. ನನ್ನ ಕಟ್ಟಿ ಮ್ಯಾಲೆ ಕುಂತು ಮೊದಲ ಒಂದು ಚಮಚಾ ತಾ ಕುಡದು, ಆಮ್ಯಾಲೆ ಮರಿಗೆ ಹಾಕಬೇಕು."

ಯಾರೋ ಕಿಸಕ್ಕನೆ ನಕ್ಕರು. ನಿಜಲಿಂಗಪ್ಪನವರು ನಗಲಿಲ್ಲ. "ಆತು" ಎಂದರು.

ದಿನಕ್ಕೆ ಐದು ಸಲ ಅಂದಪ್ಪ ಓಣಿ ದಾಟಿ ಬಂದ. ಮೊದಲ ಸಲ ತಂಬಿಗೆಯನ್ನು ಶಲ್ಯದೊಳಗೆ ಮುಚ್ಚಿಕೊಂಡು ಬಂದಿದ್ದ. ಉಡಚವ್ವ ಅಲ್ಲಿಂದಲೇ ತಿರುಗಿ ಕಳಿಸಿದಳು, ತೆರೆದು ಹಿಡಿದುಕೊಂಡೇ ಬರಬೇಕೆಂದಳು. ಎರಡನೆಯ ಸಲ ಗಂಜಿಯಲ್ಲಿ ಬೆರಳಾಡಿಸಿ, "ಅಗಳು ಅದಾವ. ಮರಿ ಹೊಟ್ಟಿ ತಡಿಯೂದಿಲ್ಲ, ಸೋಸಿ ತಾ" ಎಂದಳು. ಮಜ್ಜಿಗೆ ಹುಳಿಯಾಗಿದೆಯೆಂದು ಇನ್ನೊಮ್ಮೆ ಅಟ್ಟಿದಳು. ಎದುರು ಕಟ್ಟೆಯ ಮೇಲೆ ಹೆಂಗಸರು ಬೇಳೆ ಆರಿಸುವ ನೆಪ ಮಾಡಿಕೊಂಡು ಕೂರುತ್ತಿದ್ದರು. ಉಪ್ಪಿಲ್ಲದ, ಖಾರವಿಲ್ಲದ ಆ ಗಂಜಿ ಅಂದಪ್ಪನ ಗಂಟಲಿನಲ್ಲಿ ಇಳಿಯುವುದನ್ನು ಉಡಚವ್ವ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಕರಿಯ ಸತ್ತಾಗಿನಿಂದ ಅವಳಿಗೆ ಅನ್ನ ರುಚಿಸಿದ್ದು ಆ ದಿನಗಳಲ್ಲೇ.

ನಾಲ್ಕನೆಯ ದಿನಕ್ಕೆ ಭೇದಿ ನಿಂತಿತು. ಉಡಚವ್ವ ಮಾತ್ರ ನಿಜಲಿಂಗಪ್ಪನವರ ಮುಂದೆ, "ಇನ್ನೂ ನೀರು ನೀರ ಐತ್ರಿ" ಎಂದಳು. ಹಾಗೆ ಹೇಳಿ ಹೇಳಿ ಮತ್ತೆ ಇಪ್ಪತ್ತು ದಿನ ಎಳೆದಳು. ದ್ಯಾಮಪ್ಪನಿಗೆ ಎಲ್ಲ ತಿಳಿದಿತ್ತು. ಅವನು ಬಾಯಿ ಬಿಡಲಿಲ್ಲ.

ಹುಲಿಯನಿಗೆ ಮೈ ಬಂತು, ಕೂದಲಿಗೆ ಹೊಳಪು ಬಂತು. ಅಂದಪ್ಪನ ಚಪ್ಪಲಿಯ ಸಪ್ಪಳ ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ಅದು ಬಾಲವಷ್ಟೇ ಅಲ್ಲ, ಅರ್ಧ ಮೈಯನ್ನೇ ಅಲ್ಲಾಡಿಸುತ್ತ ಓಡುತ್ತಿತ್ತು. ಒಂದು ಮುಂಜಾನೆ ಅಂದಪ್ಪ ಯಾರೂ ಹೇಳದೆ ಒಂದು ಚಮಚ ಕುಡಿದು, ತಂಬಿಗೆ ಬಗ್ಗಿಸುತ್ತ ಅಂದ, "ಇವತ್ತ ನುಚ್ಚು ಚೂರು ಗಟ್ಟಿ ಮಾಡಿಸೀನಿ. ನಿನ್ನಿ ಅದರ ಹೇಲು ಬರೋಬ್ಬರಿ ಇತ್ತು, ತಡಕೊಂತೈತಿ." ಹುಲಿಯ ತಾಟು ನೆಕ್ಕಿ, ಅವನ ಪಾದದ ಮೇಲೆ ಗದ್ದ ಇಟ್ಟು ನಿದ್ದೆ ಹೋಯಿತು. ಅಂದಪ್ಪ ಕಾಲು ಎಳೆದುಕೊಳ್ಳದೆ ಕೂತ.

ಉಡಚವ್ವ ಮರಿಯನ್ನು ಕಸಿದುಕೊಂಡಳು. "ನಾಳಿಂದ ಬರಬ್ಯಾಡ."

ಅಂದಪ್ಪನ ಕಣ್ಣು ತುಂಬಿ ಬಂದವು. "ಮಾಫ್ ಮಾಡಿದಿ ಯವ್ವಾ?"

"ಇಲ್ಲ. ನಾಯಿ ನಿನ್ನ ಹಚ್ಚಿಗೊಳ್ಳಾಕತ್ತೈತಿ. ಅದಕ್ಕ ಬರಬ್ಯಾಡ ಅಂದ್ನಿ."

ಮರುದಿನ ಮುಂಜಾನೆ ಹುಲಿಯ ಹೊಸ್ತಿಲ ಮೇಲೆ ಕೂತು ಓಣಿಯ ತಿರುವಿನ ಕಡೆ ಕಿವಿ ನಿಮಿರಿಸಿ ಕುಂಯ್‌ಗುಟ್ಟಿತು. ಉಡಚವ್ವ ಬೇಳೆ ಬೇಯಿಸಿ ಬಸಿದ ಕಟ್ಟಿನಲ್ಲಿ ರೊಟ್ಟಿ ನೆನೆಸಿ, ಕಿವುಚಿ, ಅಂಗೈಯಲ್ಲಿ ಹಿಡಿದಳು. ಅದು ಮೂಸಿತು, ಮತ್ತೆ ಓಣಿಯ ಕಡೆ ನೋಡಿತು. ಅವಳು ಕೈ ಹಿಂದೆ ತೆಗೆಯಲಿಲ್ಲ, ಬಾಯಿ ಬಿಡಿಸಿ ತುರುಕಲೂ ಇಲ್ಲ. ಮೊಣಕೈ ನೋಯುವವರೆಗೂ ಹಾಗೇ ಕೂತಳು. ಕೊನೆಗೆ ಹುಲಿಯ ಅವಳ ಅಂಗೈಗೆ ಬಾಯಿ ಹಾಕಿತು.