ಫೋಟೋ ಇಲ್ಲದ ಪುಸ್ತಕ

"ಒಂದು ಫೋಟೋನೂ ಇಲ್ವಲ್ರೀ ಇದರಲ್ಲಿ!" ಗಣಿತದ ಮೇಷ್ಟ್ರು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕೊಡವಿದರು, ಎಲ್ಲಾದರೂ ಒಂದು ಚಿತ್ರ ಉದುರೀತೇನೋ ಎಂಬಂತೆ.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಾಲ್ವರು ಕುಳಿತಿದ್ದರು. ತಿಂಗಳಿಗೊಂದು ಅಡುಗೆ ಪುಸ್ತಕ ಆರಿಸಿ, ಕೊನೆಯ ಭಾನುವಾರ ಅದನ್ನು ನೋಡಿಕೊಂಡು ಇಲ್ಲೇ ಒಟ್ಟಿಗೆ ಬೇಯಿಸಿ ಉಣ್ಣುವುದು ಅವರ ರೂಢಿ. ಈ ಸಲ ಮೇಜಿನ ಮೇಲೆ ಎರಡು ಪುಸ್ತಕಗಳಿದ್ದವು. ಮೇಷ್ಟ್ರು ತಂದದ್ದು ಮಿರಮಿರ ಮಿಂಚುವ ಹಾಳೆಗಳದ್ದು. ಹೊಲಿಗೆ ಬಿಟ್ಟ ಹಳೆಯದನ್ನು ಬಡಗಿ ಕಪಾಟಿನ ತಳದಿಂದ ಹುಡುಕಿ ತೆಗೆದಿದ್ದ.

"ನಮ್ಮನೆಯವ್ರು ಫೋಟೋ ನೋಡೇ ನನ್ನನ್ನ ಒಪ್ಪಿದ್ದು. ಏನು ಸುಖ ಕಂಡ್ರು ಪಾಪ?" ಎಂದು ಟೈಲರಮ್ಮ ನಕ್ಕಳು.

"ಬೇಗ ಕೈ ಎತ್ತಿ. ಐದಕ್ಕೆ ಬಾಗಿಲು ಹಾಕ್ಬೇಕು" ಎಂದರು ಗ್ರಂಥಾಲಯದ ಮೇಡಂ.

ಮಿಂಚುವ ಪುಸ್ತಕಕ್ಕೆ ಮೂರು ಕೈ ಎದ್ದವು. ಯಾವಾಗಲೂ "ನಿಮ್ಮಿಷ್ಟ" ಎಂದು ಸುಮ್ಮನಾಗುವ ಬಡಗಿ ಇಂದು ಹಳೆಯ ಪುಸ್ತಕವನ್ನು ತನ್ನತ್ತ ಎಳೆದುಕೊಂಡ. "ಒಂದು ಪುಟ ಓದ್ತೀನಿ. ಆಮೇಲೆ ನಿಮ್ಮಿಷ್ಟ."

ಒಂದೂವರೆ ವರ್ಷದ ಹಿಂದೆ ಯಾರದೋ ಮನೆಯ ಅಟ್ಟಕ್ಕೆ ಹಲಗೆ ಕೂರಿಸುವಾಗ ಅವನು ಏಣಿಯಿಂದ ಬಿದ್ದಿದ್ದ. ತಲೆಯ ಗಾಯ ತಿಂಗಳಲ್ಲಿ ಮಾಗಿತು. ಆಗ ಮೂಗು ಕಳೆದುಕೊಂಡ ವಾಸನೆ ಮಾತ್ರ ತಿರುಗಿ ಬರಲಿಲ್ಲ. ಅದು ಅವನ ಅರಿವಿಗೆ ಬಂದದ್ದು ಊಟಕ್ಕೆ ಕೂತಾಗಲ್ಲ, ಮರ ಹೆರೆಯುವಾಗ. ಹೆರೆದ ಸಿಪ್ಪೆ ಸುರುಳಿ ಸುರುಳಿಯಾಗಿ ಕಾಲ ಬುಡದಲ್ಲಿ ಬೀಳುತ್ತಿತ್ತು; ತಾನು ಬರಿಯ ಗಾಳಿಯನ್ನು ಹೆರೆಯುತ್ತಿದ್ದೇನೆ ಅನ್ನಿಸಿತ್ತು. ಮಿಂದು ಬಂದ ಹೆಂಡತಿ ಮಗ್ಗುಲಲ್ಲೇ ಕೂತರೂ ಯಾವುದೋ ದೂರದ ಊರಲ್ಲಿದ್ದಂತೆ. "ಬಂದ್ರೆ ಬರುತ್ತೆ" ಎಂದಿದ್ದರು ಡಾಕ್ಟರು. ಹೆಂಡತಿಗೆ ಬಿಟ್ಟರೆ ಅವನು ಬೇರಾರಿಗೂ ಹೇಳಿರಲಿಲ್ಲ. ಗುಂಪಿನಲ್ಲಿ ಬಾಣಲೆಯ ಸದ್ದು ಕೇಳಿಕೊಂಡು, ಗಡಿಯಾರ ನೋಡಿಕೊಂಡು ಹೇಗೋ ನಿಭಾಯಿಸುತ್ತಿದ್ದ.

ಅವನು ಬೆರಳಿಟ್ಟು ಓದಿದ: "ಈರುಳ್ಳಿ ಬಾಣಲೆಗೆ ಬಿದ್ದೊಡನೆ ಕಣ್ಣು ಚುಚ್ಚುವ ಹಸಿ ವಾಸನೆ. ಅವಸರ ಬೇಡ. ಸಿಟ್ಟಿಳಿದ ಮನುಷ್ಯನ ಹಾಗೆ ಅದು ತಾನಾಗಿ ಮೆತ್ತಗಾಗುತ್ತದೆ. ಶಾಲೆಯಿಂದ ಬಂದ ಮಗು ಹೊಸ್ತಿಲಲ್ಲೇ ನಿಂತು ಹಸಿವು ಅನ್ನುವಂಥ ಘಮ ಎದ್ದಾಗ, ಉರಿ ತಗ್ಗಿಸಿ..."

ಅಲ್ಲಿಗೆ ನಿಲ್ಲಿಸಿ ಪುಸ್ತಕ ಮಡಚಿದ. "ಈ ಪುಸ್ತಕ ಬರೆದ ಅಮ್ಮ ಪ್ರತಿ ಅಡುಗೆಗೂ ಹೀಗೇ ಬರೆದಿದ್ದಾರೆ. ನಂಗೆ ವಾಸನೆ ಹೋಗಿದೆ ಸಾರ್. ಬಿದ್ದಾಗಿಂದ. ಇದನ್ನ ಓದಿದ್ರೆ... ಒಂದು ಚೂರು ನೆನಪಾಗುತ್ತೆ."

ಮೇಷ್ಟ್ರು ಅವನತ್ತ ತಿರುಗಿದರು. "ಮತ್ತೆ ಹೋದ ತಿಂಗಳು ನನ್ನ ಕುಂಬಳಕಾಯಿ ಸೂಪು ಎರಡು ಸಲ ಹಾಕಿಸ್ಕೊಂಡ್ರಿ?"

"ಬಿಸಿಯಾಗಿತ್ತು ಸಾರ್."

"ಅದಕ್ಕೇ ನಿಮಗೊಬ್ಬರಿಗೇ ಸೇರಿದ್ದು" ಎಂದಳು ಟೈಲರಮ್ಮ. ಎಲ್ಲರಿಗಿಂತ ಮೊದಲು ನಕ್ಕವನು ಬಡಗಿಯೇ. ಮೇಷ್ಟ್ರು ತಮ್ಮ ಪುಸ್ತಕವನ್ನು ಸದ್ದಿಲ್ಲದೆ ಚೀಲಕ್ಕೆ ಇಳಿಸಿದರು.

ಭಾನುವಾರ ಹಳೆಯ ಪುಸ್ತಕದಿಂದ ಮೇಷ್ಟ್ರ ಪಾಲಿಗೆ ಬಂದದ್ದು ಬೆಳ್ಳುಳ್ಳಿ ಹಾಕಿ ಬೇಯಿಸುವ ಟೊಮ್ಯಾಟೊ. ಎಲ್ಲರೂ ತಟ್ಟೆ ಹಿಡಿದು ನಿಂತಾಗ ಅವರು ಬಡಗಿಯನ್ನು ಒಲೆಯ ಬಳಿ ಕರೆದು ಮುಚ್ಚಳ ತೆಗೆದರು. ಘಮದ ಸಾಲು ಓದಿ ಹೇಳಲು ಪುಸ್ತಕದ ಕಡೆ ಕತ್ತು ತಿರುಗಿಸಿದರು.

"ಅದನ್ನ ನೋಡ್ಬೇಡಿ ಸಾರ್," ಎಂದ ಬಡಗಿ. "ಅದು ನಂಗೆ ಬಾಯಿಪಾಠ. ನೀವೇ ಹೇಳಿ."

ಮೇಷ್ಟ್ರು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. "ಮೊದಲು ಹುಳಿ... ಅಲ್ಲ, ಹುಳಿಯಲ್ಲ. ಬಿಸಿಲಲ್ಲಿ ಬಿಟ್ಟ... ಇರಿ, ಇರಿ." ಮತ್ತೆ ಬಗ್ಗಿದರು. ಹಣೆ ಬೆವೆತಿತ್ತು. ತಟ್ಟೆಗಳು ಹಾಗೇ ಕೈಯಲ್ಲಿದ್ದವು. ಬಡಗಿ ಕತ್ತು ಮುಂದೆ ಚಾಚಿ, ಬಾಯಿ ಅರೆ ತೆರೆದು, ಅವರ ತುಟಿಗಳನ್ನೇ ನೋಡುತ್ತ ನಿಂತಿದ್ದ.