ನಾನು ಒಳಗಿದ್ದೇನೆ

“ಕುಡಿದಿದ್ರಾ?”

ಹೌದೆಂದುಬಿಡಲೇ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು. ಕುಡುಕನಿಗೆ ಲೋಕದಲ್ಲಿ ಒಂದು ಮರ್ಯಾದೆಯಿದೆ. ಪಾಪ, ಏನೋ ದುಃಖ ಎನ್ನುತ್ತಾರೆ. ತೂಕಡಿಸುವವನು ಬರೀ ಸೋಮಾರಿ.

ಮುದ್ರಣಾಲಯದ ಯಜಮಾನರ ಮೇಜಿನ ಮೇಲೆ ಬಟ್ಟೆ ಒಗೆಯುವ ಯಂತ್ರದ ಕೈಪಿಡಿ ತೆರೆದಿತ್ತು. ಕಟ್ಟು ಕಟ್ಟಾಗಿ ಹೊರಡಲು ಸಿದ್ಧವಾಗಿದ್ದ ಪುಸ್ತಕ. ಕರಡು ತಿದ್ದಿದವನು ಅವನೇ.

“ಇಲ್ಲ ಸಾರ್.”

“ಮತ್ತೆ ಇದೇನ್ರಿ? ಅಕ್ಕಾ, ನೀವೇ ಓದಿ.”

ಅಕ್ಕ ಅಂದರೆ ಮುದ್ರಣಾಲಯಕ್ಕೆಲ್ಲ ಅಕ್ಕ. ಅವರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅವನು ಕರಡಿನ ಮೇಲೆ ಕಣ್ಣಾಡಿಸಿ ತಿದ್ದಬೇಕು. ಆ ದನಿ ಕೇಳುತ್ತಲೇ ಅವನಿಗೆ ನಿದ್ದೆ ಹತ್ತುತ್ತಿತ್ತು. ಕೈ ಮಾತ್ರ ಬರೆಯುತ್ತಲೇ ಇರುತ್ತಿತ್ತು. ಎಂ.ಎ. ಪದವಿಯ ಜೊತೆಗೆ ಕುಂಭಕರ್ಣ ಎಂಬ ಬಿರುದೂ ಅವನಿಗೆ ಸಿಕ್ಕಿತ್ತು.

ಅದು ಸೋಮಾರಿತನವಲ್ಲ, ನಾರ್ಕೊಲೆಪ್ಸಿ ಎಂದು ಡಾಕ್ಟರಮ್ಮ ಮೊನ್ನೆ ಮೊನ್ನೆ ಹೇಳಿದ್ದರು. ಮಿದುಳಿನಲ್ಲಿ ಎಚ್ಚರವನ್ನು ಕಾಯುವ ಒಂದು ರಸ ಬತ್ತಿದೆಯಂತೆ. “ಪೂರ್ತಿ ವಾಸಿಯಾಗಲ್ಲ, ಹತೋಟೀಲಿ ಇಡಬಹುದು. ಬೆಳಿಗ್ಗೆ ಮಾತ್ರೆ, ಮಧ್ಯಾಹ್ನ ಒಂದು ಸಣ್ಣ ನಿದ್ದೆ. ಜೊತೇಲಿ ಕೆಲಸ ಮಾಡೋರಿಗೆ ಹೇಳಿಬಿಡಿ.” ಅವನು ಮಾತ್ರೆ ನುಂಗಿದ, ಮಾತನ್ನೂ ನುಂಗಿದ. ಈ ಕರಡು ಮಾತ್ರೆಗಿಂತ ಹಿಂದಿನದು.

ಅಕ್ಕ ಕನ್ನಡಕ ಏರಿಸಿ ಎಂದಿನ ರಾಗದಲ್ಲೇ ಓದಿದರು: “ಬಟ್ಟೆ ಹಾಕಿ ಗುಂಡಿ ಒತ್ತಿರಿ. ದಯವಿಟ್ಟು ಬಾಗಿಲು ತೆಗೆಯಿರಿ, ನಾನು ಒಳಗಿದ್ದೇನೆ. ನಂತರ ನಲ್ಲಿ ತಿರುಗಿಸಿರಿ.”

ಯಾವ ಕನಸಿನ ಮಾತೋ. ಕರಡಿನ ಅಂಚಿನಲ್ಲಿ ಅವನ ದುಂಡು ಅಕ್ಷರದಲ್ಲೇ ಇತ್ತು. ಅಕ್ಷರ ಜೋಡಿಸುವವರು ಶಿರಸಾವಹಿಸಿ ಸೇರಿಸಿದ್ದರು.

ನಗು ಉಕ್ಕಿತು. ಅವನು ನಗುವುದನ್ನು ಬಿಟ್ಟು ವರ್ಷಗಳಾಗಿದ್ದವು; ನಕ್ಕರೆ ಮಂಡಿ ಸೋಲುತ್ತಿತ್ತು, ಅದೂ ಇದೇ ಕಾಯಿಲೆಯ ಗುಣವಂತೆ. ಸದಾ ಮುಖ ಗಂಟಿಕ್ಕಿಕೊಂಡಿರುವವನನ್ನು ಕಂಡು, ಇವರಿಗೆ ಓದಿದ ಜಂಬ ಎಂದುಕೊಂಡಿದ್ದಳು ಹೆಂಡತಿ. ಈಗ ತಡೆಯಲಾಗಲಿಲ್ಲ. ಕಾಲು, ಕುತ್ತಿಗೆ, ದವಡೆ ಎಲ್ಲ ಕೈಕೊಟ್ಟವು. ನೆಲಕ್ಕೆ ಕುಸಿದ.

“ನೋಡಿ, ಇಲ್ಲೂ ನಿದ್ದೆ ಹೋದ!”

“ಸುಮ್ನಿರಿ ಯಜಮಾನ್ರೇ.” ಅಕ್ಕ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡರು. “ಕಣ್ಣಲ್ಲಿ ನೀರು ಬರ್ತಿದೆ. ನಗ್ತಾ ಇದಾನೆ. ಒಳಗೇ ಇದಾನೆ ಇವ್ನು.”

ಅವನಿಗೆ ಎಲ್ಲ ಕೇಳಿಸುತ್ತಿತ್ತು. ನಾಲಿಗೆ ಏಳಲಿಲ್ಲ, ಆದರೆ ಎಂದೂ ಆಗದಷ್ಟು ಸಂತೋಷವಾಯಿತು.

ಮೈ ಸ್ವಾಧೀನಕ್ಕೆ ಬಂದಾಗ ನೆಲದ ಮೇಲೆ ಕೂತೇ ಎಲ್ಲವನ್ನೂ ಹೇಳಿದ.

“ಇಷ್ಟನ್ನೂ ಮತ್ತೆ ಅಚ್ಚು ಹಾಕ್ಬೇಕು,” ಎಂದರು ಯಜಮಾನರು, ಕಿಟಕಿಯ ಕಡೆ ತಿರುಗಿ. “ನಿಮ್ಮ ವಿಷ್ಯ... ನೋಡೋಣ.”

“ನೋಡೋವರೆಗೂ ಊಟ ಆದ್ಮೇಲೆ ಕಾಗದದ ಕೋಣೇಲಿ ಮಲಗ್ಲಿ,” ಎಂದರು ಅಕ್ಕ. “ನಾನು ಎಬ್ಬಿಸ್ತೀನಿ.”

ಮಧ್ಯಾಹ್ನ ಅವನು ಕಾಗದದ ಬಂಡಲುಗಳ ಮೇಲೆ ಮೈ ಚಾಚಿದ. ಕಳ್ಳನಂತಲ್ಲದೆ ಹಗಲಲ್ಲಿ ಕಣ್ಣು ಮುಚ್ಚುತ್ತಿರುವುದು ಇದೇ ಮೊದಲು. ಹೊರಡಲಾಗದ ಕೈಪಿಡಿಗಳನ್ನೂ ಅಲ್ಲೇ ತಂದು ಒಟ್ಟಿದ್ದರು; ಪ್ರತಿಯೊಂದರಲ್ಲೂ ಅವನ ಸಾಲು.

“ಬಾಗಿಲು ಹಾಕ್ಲೇನೋ?”

“ಬೇಡಕ್ಕ.”

ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವ ಜಾತಿಯದು. ಅಕ್ಕ ಕೈಪಿಡಿಯ ಒಂದು ಕಟ್ಟನ್ನು ಎಳೆದು ಬಾಗಿಲು ಮುಚ್ಚದಂತೆ ಒತ್ತು ಕೊಟ್ಟು ಹೋದರು.